ಸೂರ್ಯನಿಗೆ ಸುರಿದ ರಾಗಿ

ಎಲ್ಲ ತೊಂದರೆಗೂ ಮೂಲ ಒಂದು ಅಲಾರಂ ಗಡಿಯಾರ. ಬೆಳಗಿನ ಐದಕ್ಕೆ ಬಡಿಯಬೇಕಾಗಿದ್ದ ಅದು, ರಿಪೇರಿಗೆ ಬಂದ ಗಡಿಯಾರಗಳಿಗಿರುವ ಸ್ವಾತಂತ್ರ್ಯವನ್ನು ಉಪಯೋಗಿಸಿಕೊಂಡು ಹಗಲು ಹನ್ನೊಂದಕ್ಕೆ ಬಡಿದುಕೊಂಡಿತು. ಅದೇ ಗಳಿಗೆಯಲ್ಲಿ ಪೊಲೀಸ್ ಕ್ಯಾಂಪಿನ ಪೇದೆ ಪದ್ಮನಾಭನ್, ಚಿಕ್ಕಮಾದುವಿನ ಗಡಿಯಾರ ರಿಪೇರಿಯ ಅಂಗಡಿಯ ಮುಂದೆ ಬೀಡಿ ಹಚ್ಚಿಕೊಳ್ಳುತ್ತ ನಿಂತಿದ್ದ.

ಕಾಲ ಅಂಥದು. ಪುಲ್ಪಳ್ಳಿಯ ಕಡೆ ಪೊಲೀಸರ ಮೇಲೆ ದಾಳಿಯ ಗಲಾಟೆ ನಡೆದು ಒಂದೂವರೆ ವರ್ಷವಾಗಿತ್ತು. ಭೂಮಿ ಉಳುವವನಿಗೇ ಸೇರಬೇಕೆಂದು ಗೋಡೆಗಳ ಮೇಲೆ ಕೆಂಪಕ್ಷರದಲ್ಲಿ ಬರೆದ ಹುಡುಗರು ಕಾಡು ಸೇರಿದ್ದರು. ಅವರನ್ನು ಹುಡುಕಲು ಬಂದ ಪೊಲೀಸರು ಊರು ಸೇರಿದ್ದರು. ಹೊಳೆದಡದ ನಮ್ಮ ಮರಕ್ಕಡವಿನಲ್ಲಿ ಹಲಸಿನಹಣ್ಣು ಬಿದ್ದರೂ ಗುಡ್ಡದ ಮೇಲಿನ ಕ್ಯಾಂಪಿನಲ್ಲಿ ವಿಸಿಲ್ ಊದುತ್ತಿದ್ದರು. ಅಲಾರಂ ಬಡಿದದ್ದೇ ತಡ, ಪದ್ಮನಾಭನ್ ಬೀಡಿಯನ್ನೂ ಟೋಪಿಯನ್ನೂ ಇದ್ದಲ್ಲೇ ಬಿಟ್ಟು, ಕಪ್ಪೆ ನೀರಿಗೆ ಹಾರುವಂತೆ ಗದ್ದೆಯ ಕಾಲುವೆಗೆ ಹಾರಿದ.

ಅಷ್ಟಕ್ಕೇ ಮುಗಿಯುತ್ತಿತ್ತೋ ಏನೋ. ಆದರೆ ಎದುರಿನ ಚಹಾದಂಗಡಿಯ ಕುಂಞಿರಾಮನ್ ನಕ್ಕುಬಿಟ್ಟ. ಬಾಯಿ ಮುಚ್ಚಿ ನಕ್ಕಿದ್ದರೂ ಆಗುತ್ತಿತ್ತು. ಅವನು ಹೊಟ್ಟೆ ಹಿಡಿದುಕೊಂಡು, ಬೆಂಚು ತಟ್ಟಿ ನಕ್ಕ. ಮೈತುಂಬ ಕೆಸರು ಮೆತ್ತಿಕೊಂಡು ಎದ್ದ ಪೇದೆಗೆ ಇದನ್ನು ಬಾಂಬ್ ಎಂದು ಹೇಳದೆ ಬೇರೆ ಗತಿಯಿರಲಿಲ್ಲ.

ಮಧ್ಯಾಹ್ನ ಸಬ್ ಇನ್ಸ್‌ಪೆಕ್ಟರ್ ಮೋಹನನ್ ಬಂದರು. ಅಂಗಡಿಯಲ್ಲಿದ್ದುದನ್ನೆಲ್ಲ ಚಾಪೆಯ ಮೇಲೆ ಹರಡಿಸಿದರು.

"ಇಷ್ಟೊಂದು ಸ್ಪ್ರಿಂಗ್ ಯಾತಕ್ಕೆ?"

"ಗಡಿಯಾರಕ್ಕೆ ಸಾರ್."

"ಇಷ್ಟೊಂದು ಗಡಿಯಾರ ಯಾತಕ್ಕೆ?"

ಮೂವತ್ತು ವರ್ಷದಿಂದ ಚಿಕ್ಕಮಾದುವನ್ನು ಯಾರೂ ಹಾಗೆ ಕೇಳಿರಲಿಲ್ಲ. ಉತ್ತರವಿಲ್ಲದ್ದನ್ನು ಕಂಡು ಸಬ್ ಇನ್ಸ್‌ಪೆಕ್ಟರರು ಅವನ ಹತ್ಯಾರದ ಪೆಟ್ಟಿಗೆ, ಕಣ್ಣಿಗೆ ಹಾಕುವ ಭೂತಗನ್ನಡಿ, ರಿಪೇರಿಗೆ ಬಂದಿದ್ದ ಹತ್ತೊಂಬತ್ತು ಗಡಿಯಾರ ಎಲ್ಲವನ್ನೂ ಜೀಪಿಗೆ ಹಾಕಿಸಿ, ಅಂಗಡಿಗೆ ಅರಗಿನ ಮೊಹರು ಹಾಕಿ ಹೋದರು.

ಅಂದಿನಿಂದ ಇಪ್ಪತ್ತೆರಡು ದಿನ.

ಊರಿಗೆ ಹೊತ್ತು ಎಂಬುದೇ ಇಲ್ಲವಾಯಿತು. ಇದ್ದ ಗಡಿಯಾರವೆಲ್ಲ ಆ ಪೆಟ್ಟಿಗೆಯ ಜೊತೆ ಕ್ಯಾಂಪಿನಲ್ಲಿತ್ತು. ಚಿಕ್ಕಮಾದು ಹೊರಗೆ ಕಾಲಿಟ್ಟರೆ ಸಾಕು, ಒಬ್ಬರಲ್ಲ ಒಬ್ಬರು ಹಿಡಿದುಕೊಳ್ಳುತ್ತಿದ್ದರು. "ಮಾದಣ್ಣ, ನನ್ನ ಮಾವ ಕೊಟ್ಟಿದ್ದ ವಾಚು ಕಣಣ್ಣ." "ಮಾದಣ್ಣ, ಗಡಿಯಾರ ಇಲ್ದೆ ನನ್ ಹಸ ಹಾಲೇ ಕೊಡಾಕಿಲ್ಲ ಅಂತದೆ." ಕುಂಞಿರಾಮನ್ ಅಂತೂ ತನ್ನ ಗೋಡೆ ಗಡಿಯಾರ ನೇತುಹಾಕುತ್ತಿದ್ದ ಜಾಗದ ಬಿಳಿ ವೃತ್ತವನ್ನು ಬಂದವರಿಗೆಲ್ಲ ತೋರಿಸಿ, ಸತ್ತ ತಂದೆಯ ಪಟದ ಮುಂದೆ ನಿಂತವನಂತೆ ನಿಟ್ಟುಸಿರುಬಿಡುತ್ತಿದ್ದ.

ಚಿಕ್ಕಮಾದುವಿನ ಕಷ್ಟವೇ ಬೇರೆ. ಅವನ ಹೆಂಡತಿ ಚೆಲುವಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಬದುಕಿದ್ದಾಗ ಅವಳು ಸಂಜೆಯ ಹೊತ್ತು ಮನೆಗೆ ಅಂಟಿದ ಅಂಗಡಿಯ ಹೊಸ್ತಿಲಲ್ಲಿ ಕೂತು, ಕಣ್ಣು ಮುಚ್ಚಿಕೊಂಡು, ಅಷ್ಟೂ ಗಡಿಯಾರಗಳ ಟಿಕ್ ಟಿಕ್ ಕೇಳುತ್ತಿದ್ದಳು. "ಒಂದೊಂದೂ ಒಂದೊಂದು ಮಾತಾಡ್ತವೆ, ನೀವು ಮಾತ್ರ ಆಡಾಕಿಲ್ಲ," ಎನ್ನುತ್ತಿದ್ದಳು. ಅವಳು ಹೋದ ಮೇಲೆ ಆ ಮನೆಯಲ್ಲಿ ಮಾತಾಡುತ್ತಿದ್ದುದು ಅವೇ. ಈಗ ಅವೂ ಇರಲಿಲ್ಲ. ಆ ಮೌನದಲ್ಲಿ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಪೆಟ್ಟಿಗೆ ಬರಬೇಕು, ಅಂಗಡಿ ತೆರೆಯಬೇಕು, ಮನೆ ಮತ್ತೆ ಸದ್ದು ಮಾಡಬೇಕು. ಭಗವಂತನಲ್ಲಿ ಅವನು ಕೇಳಿಕೊಳ್ಳುತ್ತಿದ್ದುದು ಇಷ್ಟೇ.

ಮೇ ತಿಂಗಳ ಆ ಶನಿವಾರ ಬೆಳಿಗ್ಗೆ ಭಗವಂತ ಕೇಳಿಸಿಕೊಂಡಂತೆ ಕಂಡಿತು.

"ಮಾದು, ಓಡು ಓಡು!" ಎಂದು ಕುಂಞಿರಾಮನ್ ಬಾಗಿಲು ಬಡಿದ. "ನಿನ್ನಕ್ಕನ ಕಣದಲ್ಲಿ ಇಳಿದಿದಾರಲ್ಲ ಪ್ರೊಫೆಸರ್ ಸಾರ್, ಅವರ ಯಂತ್ರ ಟಣ್ ಅಂತು! ಒಡೆದುಹೋಯ್ತು! ಸಾರ್ ತಲೆ ಮೇಲೆ ಕೈ ಇಟ್ಟು ಕೂತಿದಾರೆ. ಪಾವಂ, ಪಾಪ!"

ಪ್ರೊಫೆಸರ್ ಭಾಸ್ಕರನ್ ಎರಡು ದಿನದ ಹಿಂದೆ ಕರಾವಳಿಯ ಕಾಲೇಜೊಂದರಿಂದ ಜೀಪಿನಲ್ಲಿ ಬಂದಿದ್ದರು. ಮೈಸೂರಿನಲ್ಲಿ ಓದಿದವರಾದ್ದರಿಂದ ಕನ್ನಡವನ್ನು ಪುಸ್ತಕದಲ್ಲಿ ಅಚ್ಚಾದ ಹಾಗೆಯೇ ಆಡುತ್ತಿದ್ದರು. ಚಿಕ್ಕಮಾದುವಿನ ಅಕ್ಕ ಶಿವಮ್ಮನ ಒಕ್ಕಣೆಯ ಕಣ, ಪಡುವಲಿಗೆ ಗದ್ದೆ ಬಯಲು ತೆರೆದಿದ್ದ ಒಳ್ಳೆಯ ಜಾಗ. ಅಲ್ಲಿ ಒಂದು ಹಿತ್ತಾಳೆಯ ದೊಡ್ಡ ದುರ್ಬೀನು ನಿಲ್ಲಿಸಿದ್ದರು. ಕಾವಲಿಗೆ ಕ್ಯಾಂಪಿನಿಂದ ಒಬ್ಬ ಪೇದೆಯನ್ನೂ ಕೊಟ್ಟಿದ್ದರು. ಆ ಪೇದೆ ಪದ್ಮನಾಭನ್. ಅವನು ಚಿಕ್ಕಮಾದುವನ್ನು ಕಂಡೊಡನೆ ಜೇಬಿನಿಂದ ನೋಟುಪುಸ್ತಕ ತೆಗೆದ.

"ಇವತ್ತು ಬುಧಗ್ರಹವು ಸೂರ್ಯನ ಮುಂದೆ ಹಾದುಹೋಗುತ್ತದೆ," ಎಂದರು ಪ್ರೊಫೆಸರು, ಅಳುವ ಧ್ವನಿಯಲ್ಲಿ. "ಒಂಬತ್ತೂ ಮುಕ್ಕಾಲಕ್ಕೆ ಒಳಗೆ ಬರುತ್ತದೆ, ಸಂಜೆ ಐದೂ ಮುಕ್ಕಾಲಕ್ಕೆ ಹೊರಗೆ ಹೋಗುತ್ತದೆ. ಹೊರಗೆ ಹೋಗುವ ಆ ಸೆಕೆಂಡನ್ನು ನಾನು ಬರೆದುಕೊಳ್ಳಬೇಕು. ಹದಿಮೂರು ವರ್ಷದಿಂದ ಕಾದಿದ್ದೇನೆ. ಸೂರ್ಯ ಸರಿದ ಹಾಗೆ ದುರ್ಬೀನೂ ಸರಿಯಬೇಕು. ಸರಿಸುವುದು ಈ ಗಡಿಯಾರ. ಕೀ ಕೊಟ್ಟೆ, ಒಡೆಯಿತು."

"ಕೈಯಲ್ಲೇ ಸರಿಸಿದ್ರೆ ಆಗಾಕಿಲ್ವ ಸಾರ್?"

"ಕೈ ನಡುಗುತ್ತದೆ ಅಪ್ಪಾ. ಬಿಂಬ ಅಲುಗಾಡಿದರೆ ಬುಧ ಅಂಚು ಮುಟ್ಟಿದ್ದು ಹೇಗೆ ತಿಳಿಯಬೇಕು?"

ಚಿಕ್ಕಮಾದು ಹಿತ್ತಾಳೆಯ ಮುಚ್ಚಳ ತೆಗೆದು ನೋಡಿದ. ಸ್ಪ್ರಿಂಗ್ ಮೂರು ತುಂಡಾಗಿತ್ತು. ಅದು ಒಡೆದ ರಭಸಕ್ಕೆ ವೇಗ ತಡೆಯುವ ಚಕ್ರದ ಹಲ್ಲುಗಳು ಮುದುಕಿಯ ಹಲ್ಲಿನಂತೆ ಉದುರಿಬಿದ್ದಿದ್ದವು.

"ಹತ್ಯಾರ ಇದ್ದಿದ್ರೆ ನೋಡ್ಬೋದಿತ್ತು ಸಾರ್. ಅದು ಕ್ಯಾಂಪಲ್ಲಿ ಅದೆ," ಎಂದು ತನ್ನ ಕತೆಯನ್ನೆಲ್ಲ ಹೇಳಿದ.

ಪ್ರೊಫೆಸರು ಅವನ ಎರಡೂ ಕೈ ಹಿಡಿದುಕೊಂಡರು. "ಪೊಲೀಸಿನ ದೊಡ್ಡ ಸಾಹೇಬರು ನನ್ನ ಶಿಷ್ಯರು. ನಾನು ಒಂದು ಪತ್ರ ಕೊಟ್ಟರೆ ಇಲ್ಲಿಯ ಸಬ್ ಇನ್ಸ್‌ಪೆಕ್ಟರ್ ಅಲ್ಲಗಳೆಯುವುದಿಲ್ಲ. ನೀನು ಸಂಜೆಯವರೆಗೆ ಈ ಸೂರ್ಯನನ್ನು ಹಿಡಿದುಕೊಡು. ನಿನ್ನ ಪೆಟ್ಟಿಗೆ ಈ ರಾತ್ರಿಯೇ ನಿನ್ನ ಮನೆಯಲ್ಲಿರುತ್ತದೆ."

ಪೇದೆ ಪದ್ಮನಾಭನ್ ಪ್ರೊಫೆಸರ ಕೈಗಡಿಯಾರ ಇಣುಕಿ ನೋಡಿ ಬರೆದುಕೊಂಡ: 'ಎಂಟೂ ಕಾಲು. ಯಂತ್ರ ಬಿಚ್ಚಿದ.'

ಮೊದಲು ಚಿಕ್ಕಮಾದು ಸುಲಭದ ದಾರಿ ಹಿಡಿದ. ದುರ್ಬೀನಿನ ಅಚ್ಚಿನ ಚಕ್ರಕ್ಕೆ ಹಗ್ಗ ಸುತ್ತಿ, ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ತುದಿಗೆ ಒಂದು ಹೊಳೆಗಲ್ಲು ಕಟ್ಟಿ ಬಿಟ್ಟ. ಕಲ್ಲು ಕೆಳಗಿಳಿಯುತ್ತ ಚಕ್ರವನ್ನು ತಿರುಗಿಸಬೇಕು ಎಂಬುದು ಅವನ ಎಣಿಕೆ. ಕಲ್ಲು ಇಳಿಯಲಿಲ್ಲ, ಬಿತ್ತು. ದುರ್ಬೀನು ಕೆರಳಿದ ಹೋರಿಯಂತೆ ಗರ್ರನೆ ತಿರುಗಿ, ಚಹಾ ತಂದಿದ್ದ ಕುಂಞಿರಾಮನ ಕೈಯ ತಟ್ಟೆಯನ್ನು ಗದ್ದೆಗೆ ಎಸೆದು, ಪ್ರೊಫೆಸರ ಟೋಪಿಯನ್ನು ಹಾರಿಸಿ, ಇನ್ನೊಂದು ಸುತ್ತಿಗೆ ಬಂತು. ಪದ್ಮನಾಭನ್ ಅಷ್ಟರಲ್ಲಿ ನೆಲಕ್ಕೆ ಮಲಗಿಯಾಗಿತ್ತು. ಮಲಗಿಕೊಂಡೇ ಬರೆದುಕೊಂಡ.

"ಆರು ಚಹಾ!" ಎಂದು ಕುಂಞಿರಾಮನ್ ಕೂಗಿದ. "ಎಂದೆಡಾ, ಏನೋ ಇದು, ಸೂರ್ಯನ ಹಿಡೀಬೇಕೋ ನನ್ನ ಕೊಲ್ಲಬೇಕೋ?"

"ಕಲ್ಲು ನಿಧಾನಕ್ಕೆ ಇಳೀಬೇಕು," ಎಂದು ಚಿಕ್ಕಮಾದು ತನ್ನಷ್ಟಕ್ಕೇ ಹೇಳಿಕೊಂಡ.

ಶಿವಮ್ಮನ ಗದ್ದೆ ಕೆಲಸಕ್ಕೆ ಬರುತ್ತಿದ್ದ ಕಾಡಿನವ ಬೈರ ಅಲ್ಲಿಯೇ ಕುಕ್ಕರಗಾಲಲ್ಲಿ ಕೂತಿದ್ದ. ಅವನೆಂದ: "ಮರಳ ಮೇಲೆ ಕಲ್ಲು ಇಟ್ರೆ ಕಲ್ಲು ಬೀಳಾಕಿಲ್ಲ. ಅಡಿಯಿಂದ ಮರಳು ಹೋದ್ರೆ ಹೋದಷ್ಟೇ ಇಳೀತದೆ."

ಚಿಕ್ಕಮಾದು ಅವನನ್ನು ನೋಡಿದ. ಮೂವತ್ತು ವರ್ಷ ಗಡಿಯಾರದ ಜೊತೆ ಬಾಳಿದವನಿಗೆ ಹೊಳೆಯದ್ದು ಇದು. ಬೈರ ಕಾಡಿಗೆ ಹೋಗಿ ತೊಡೆಗಾತ್ರದ ಬಿದಿರು ಕಡಿದು ತಂದ. ಅಡಿಯದೊಂದು ಬಿಟ್ಟು ಒಳಗಿನ ಗೆಣ್ಣು ಒಡೆದು, ಅದನ್ನು ನೆಟ್ಟಗೆ ನಿಲ್ಲಿಸಿ, ಹೊಳೆಯ ಮರಳು ತುಂಬಿ, ಮೇಲೆ ಹಗ್ಗಕ್ಕೆ ಕಟ್ಟಿದ ಕಲ್ಲು ಕೂರಿಸಿದರು. ಅಡಿಯಲ್ಲಿ ಕಾಯಿಸಿದ ಸೈಕಲ್ ಕಡ್ಡಿಯಿಂದ ತೂತು ಕೊರೆದರು. ಮರಳು ಸುರಿಯಿತು. ಕಲ್ಲು ಇಳಿಯಿತು. ದುರ್ಬೀನು ನಡೆಯಿತು.

ದುರ್ಬೀನಿನ ಹಿಂದೆ ಕಟ್ಟಿದ್ದ ಹಲಗೆಯ ಮೇಲಿನ ಬಿಳಿ ಕಾಗದದಲ್ಲಿ ಸೂರ್ಯ ಮೂಡಿದ್ದ. ಹೆಂಚಿನಿಂದ ಆಗ ತಾನೆ ಎತ್ತಿದ ದೋಸೆಯಷ್ಟಗಲ. ಎಲ್ಲರೂ ಉಸಿರು ಹಿಡಿದು ನೋಡಿದರು. ಸೂರ್ಯ ಕ್ಷಣ ನಿಂತ, ಜಿಗಿದ, ಮತ್ತೆ ನಿಂತ, ಮತ್ತೆ ಎರಡು ಬೆರಳಗಲ ಜಿಗಿದ.

"ಕಪ್ಪೆ ಹಂಗೆ ಕುಪ್ಪಳಿಸ್ತಾನೆ," ಎಂದ ಬೈರ. ಪದ್ಮನಾಭನ್ ಅವನನ್ನು ದುರುಗುಟ್ಟಿಕೊಂಡು ನೋಡಿದ.

ಹೊಳೆಯ ಮರಳಿಗೆ ತೇವವಿತ್ತು. ಕಾಳು ಒಂದೇ ಸಮನಾಗಿರಲಿಲ್ಲ. ದಪ್ಪ ಕಾಳು ತೂತಿಗೆ ಅಡ್ಡ ಬಂದಾಗ ಸೂರ್ಯ ನಿಲ್ಲುತ್ತಿದ್ದ, ಬಿಟ್ಟಾಗ ಜಿಗಿಯುತ್ತಿದ್ದ. ಅಷ್ಟರಲ್ಲಿ ಗಂಟೆ ಹತ್ತೂವರೆ. ಬುಧ ಒಳಗೆ ಬಂದಾಗಿತ್ತು. ಬಂದದ್ದನ್ನು ಯಾರೂ ನೋಡಿರಲಿಲ್ಲ. ಪ್ರೊಫೆಸರು ಬೆವರನ್ನೋ ಕಣ್ಣನ್ನೋ ಒರೆಸಿಕೊಂಡರು.

ಆಗ ಮನೆಯ ಜಗಲಿಯಿಂದ ಒಂದು ಸದ್ದು ಕೇಳಿತು. ಶಿವಮ್ಮ ಗುಡಾಣದಿಂದ ರಾಗಿ ತೆಗೆದು ಮೊರಕ್ಕೆ ಸುರಿಯುತ್ತಿದ್ದಳು. ಸರ್ರೋ ಎಂದು ಒಂದೇ ಸಮ, ಎಣ್ಣೆ ಹರಿದಂತೆ. ಚಿಕ್ಕಮಾದು ತಲೆಯೆತ್ತಿದ. ಒಂದೊಂದು ಕಾಳೂ ಇನ್ನೊಂದರ ಅವಳಿ. ಒಣಗಿ ಗುಂಡಗೆ ನುಣ್ಣಗೆ ಇರುವಂಥದು.

"ಅಕ್ಕಾ, ಆ ರಾಗಿ ಕೊಡು."

"ಯಾಕ್ಲಾ?"

"ಸೂರ್ಯಂಗೆ."

ಶಿವಮ್ಮ ತಮ್ಮನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. "ಇದು ಬಿತ್ತನೆ ರಾಗಿ ಕಣ್ಲಾ! ಮೊದಲ ಮಳೆ ಬಿದ್ದೇಟ್ಗೆ ಚೆಲ್ಬೇಕು. ಚೆಲುವಿ ಇದ್ದಿದ್ರೆ ನಿನ್ನ ಬುದ್ಧಿ ಹಿಂಗಾಗಕ್ಕೆ ಬುಡ್ತಿರ್ಲಿಲ್ಲ."

"ಒಂದು ಕಾಳೂ ಹೋಗಾಕಿಲ್ಲಕ್ಕ. ಕೆಳಗೆ ಮೊರ ಇಡ್ತೀನಿ, ಅಲ್ಲೇ ಬೀಳ್ತದೆ. ಪೆಟ್ಟಿಗೆ ಬತ್ತದಂತೆ, ಅಕ್ಕಾ."

ಪೆಟ್ಟಿಗೆಯ ಮಾತು ಕೇಳಿ ಶಿವಮ್ಮ ಮೆತ್ತಗಾದಳು. ತಮ್ಮ ರಾತ್ರಿಯೆಲ್ಲ ಎದ್ದು ಕೂತಿರುವುದನ್ನು ಅವಳು ಗೋಡೆಯ ಆ ಕಡೆಯಿಂದ ಬಲ್ಲಳು. ಗುಡಾಣವನ್ನು ಸೊಂಟದ ಮೇಲೆ ಹೊತ್ತು ತಂದು, ಬಿದಿರಿನ ಪಕ್ಕದಲ್ಲಿ ಗೂಟ ಹೊಡೆದವಳಂತೆ ಕೂತಳು. "ಕಾಳು ಎಣಿಸ್ತೀನಿ," ಎಂದು ಪ್ರೊಫೆಸರಿಗೆ ಎಚ್ಚರಿಕೆ ಕೊಟ್ಟಳು.

ರಾಗಿ ಸುರಿಯಿತು. ಸೂರ್ಯ ಜಿಗಿಯಲಿಲ್ಲ. ತೂತನ್ನು ಒಂದು ಕೂದಲು ಹಿಗ್ಗಿಸಿ, ಪ್ರೊಫೆಸರ ಕೈಯ ಸ್ಟಾಪ್‌ವಾಚನ್ನು ನೋಡಿ, ಇನ್ನೊಂದು ಕೂದಲು ಹಿಗ್ಗಿಸಿದ ಮೇಲೆ ವೇಗವೂ ಸರಿಯಾಯಿತು. ಆದರೂ ಸೂರ್ಯ ನಿಲ್ಲಲಿಲ್ಲ. ಈಗ ಹೊಸ ಚಾಳಿ ಹಿಡಿದ: ಮುಂದಕ್ಕೂ ಹೋಗದೆ ಹಿಂದಕ್ಕೂ ಹೋಗದೆ, ಬೇಲಿ ಹಾರುವ ಮೇಕೆಯಂತೆ ಪಕ್ಕಕ್ಕೆ ಸರಿದು ಕಾಗದದಿಂದ ಇಳಿದುಹೋದ.

"ರಾಗಿ ಹಳೇದು," ಎಂದರು ಯಾರೋ. ಅಷ್ಟರಲ್ಲಿ ಊರಿನ ಅರ್ಧ ಜನ ಕಣದಲ್ಲಿದ್ದರು. ಗಡಿಯಾರ ಕಳೆದುಕೊಂಡ ಹತ್ತೊಂಬತ್ತು ಮಂದಿಯಂತೂ ಇದ್ದೇ ಇದ್ದರು. "ಮಾದಣ್ಣನ ಕೈಲಿ ಮೊದಲಿನ ಗುಣ ಇಲ್ಲ ಬುಡಿ." "ನನ್ನ ವಾಚನ್ನೂ ಹಿಂಗೇ ಮಾಡಿದ್ನೋ ಏನೋ, ಪೊಲೀಸ್ನೋರು ಹಿಡ್ಕೊಂಡಿದ್ದೇ ವಾಸಿ."

ಚಿಕ್ಕಮಾದುವಿನ ಕಿವಿ ಕೆಂಪಾಯಿತು. ಅವನು ಗಡಿಯಾರ ನೋಡುವ ಹಾಗೆ ನೆಲಕ್ಕೆ ಕೆನ್ನೆಯಿಟ್ಟು ಮಲಗಿ, ದುರ್ಬೀನಿನ ಮೂರು ಕಾಲುಗಳನ್ನೂ ಒಂದು ಕಣ್ಣು ಮುಚ್ಚಿ ನೋಡಿದ. ಬಡಗಣ ಕಾಲಿನ ಕೆಳಗೆ ಒಂದು ಚಪ್ಪಟೆ ಕಲ್ಲಿತ್ತು.

"ಸಾರ್, ಈ ಕಲ್ಲು ನೀವಿಟ್ಟಿದ್ದಾ?"

"ಯಾವ ಕಲ್ಲು?"

"ನಾನೇ ಇಟ್ಟದ್ದು!" ಎಂದು ಕುಂಞಿರಾಮನ್ ಎದೆಯುಬ್ಬಿಸಿ ಮುಂದೆ ಬಂದ. "ಮುಂಜಾನೆ ಹಾಲು ತರಕ್ಕೆ ಹೋಗ್ತಾ ನೋಡಿದೆ. ಯಂತ್ರ ಬಡಗಣಕ್ಕೆ ವಾಲಿ ಈಗ ಬೀಳ್ತದೆ, ಆಗ ಬೀಳ್ತದೆ ಅಂತ ನಿಂತಿತ್ತು. ಸಾರ್ ನಿದ್ದೆಯಲ್ಲಿದ್ರು. ಎಬ್ಬಿಸೋದು ಯಾಕೆ ಅಂತ ನಾನೇ ಎತ್ತಿ ನೆಟ್ಟಗೆ ಮಾಡಿದೆ. ಉಪಕಾರ ಹೇಳೋದು ಬೇಡ, ಅದಿರಲಿ."

ಪ್ರೊಫೆಸರು ಕಲ್ಲಿನ ಮುಂದೆ ಕುಕ್ಕರಿಸಿದರು. ಆಮೇಲೆ, ಮಕ್ಕಳಿಗೆ ಹೇಳುವಷ್ಟು ಮೆಲ್ಲಗೆ ಹೇಳಿದರು: "ಇದರ ಅಚ್ಚು ಧ್ರುವ ನಕ್ಷತ್ರವನ್ನು ನೋಡುತ್ತಿರಬೇಕು. ವಿಲಾಯತಿಯಲ್ಲಾದರೆ ಧ್ರುವ ಮೇಲಿದ್ದಾನೆ, ಅಚ್ಚು ಎದ್ದು ನಿಲ್ಲುತ್ತದೆ. ನಮ್ಮ ಈ ಸೀಮೆಯಲ್ಲಿ ಧ್ರುವ ಬಡಗಣ ಗುಡ್ಡದ ನೆತ್ತಿಯ ಮೇಲೆಯೇ ಕೂತಿದ್ದಾನೆ. ಆದ್ದರಿಂದ ಅಚ್ಚು ಮಲಗಿಯೇ ಇರಬೇಕು. ಎರಡು ರಾತ್ರಿ ಎಚ್ಚರವಿದ್ದು ನಾನು ಅದನ್ನು ಮಲಗಿಸಿದ್ದೆ."

"ಅಯ್ಯೋ," ಎಂದ ಕುಂಞಿರಾಮನ್. "ನೋಡಿದ್ರೆ ಬೀಳೋ ಹಾಗೇ ಇತ್ತು ಸಾರೇ."

ಚಿಕ್ಕಮಾದು ಕಲ್ಲನ್ನು ತೆಗೆದ. ಕಾಲು ಹಳೆಯ ಗುಳಿಗೆ ಇಳಿದು ಕೂತಿತು. ಪ್ರೊಫೆಸರು ದುರ್ಬೀನನ್ನು ಮತ್ತೆ ಸೂರ್ಯನಿಗೆ ಹಿಡಿಸಿದರು. ಚಿಕ್ಕಮಾದು ತೂತಿಗೆ ಒತ್ತಿದ್ದ ಬೆರಳನ್ನು ತೆಗೆದ.

ಸೂರ್ಯ ನಿಂತ.

ಗಂಟೆ ಹನ್ನೆರಡಾಗಿತ್ತು. ಆ ತಿಂಗಳಲ್ಲಿ ಸೂರ್ಯ ನಮ್ಮ ನೆತ್ತಿಯನ್ನೂ ದಾಟಿ ಕೊಂಚ ಬಡಗಣಕ್ಕೆ ನಿಲ್ಲುತ್ತಾನೆ. ನೆರಳುಗಳು ಕಾಲಡಿಗೆ ಬಂದು ನಾಯಿಮರಿಗಳಂತೆ ಮುದುಡಿಕೊಂಡಿದ್ದವು. ದುರ್ಬೀನು ಆಕಾಶವನ್ನು ನೆಟ್ಟಗೆ ನೋಡುತ್ತಿದ್ದುದರಿಂದ ಬಿಂಬ ನೋಡಬೇಕಾದವರು ಹಲಗೆಯ ಹತ್ತಿರ ಅಂಬೆಗಾಲಿಕ್ಕಿ ಹೋಗಬೇಕಾಗಿತ್ತು. ಒಬ್ಬೊಬ್ಬರಾಗಿ ಹೋದರು. ಹೋಗುವಾಗ ಗಲಾಟೆ ಮಾಡಿದವರು ಬರುವಾಗ ತುದಿಗಾಲಲ್ಲಿ ಬಂದರು.

ಬೆಳ್ಳಗಿನ ಆ ದೋಸೆಯ ಮೇಲೆ ಒಂದು ಕಪ್ಪು ಚುಕ್ಕೆಯಿತ್ತು. ಎಳ್ಳಿನ ಮೊನೆಗಿಂತ ಸಣ್ಣದು. ಅದು ನಿಂತಂತೆ ಕಾಣುತ್ತಿತ್ತು, ಆದರೆ ಕಣ್ಣು ಬೇರೆಡೆ ಹೊರಳಿಸಿ ಮತ್ತೆ ನೋಡಿದರೆ ಸರಿದಿರುತ್ತಿತ್ತು.

"ಅದೊಂದು ಲೋಕ," ಎಂದರು ಪ್ರೊಫೆಸರು. "ನಮ್ಮ ಭೂಮಿಯ ಹಾಗೆ."

ಶಿವಮ್ಮ ಕೈಮುಗಿದಳು. "ಅಷ್ಟು ದೊಡ್ಡ ಬೆಂಕಿ ಮುಂದೆ ಅಷ್ಟು ಸಣ್ಣ ಕೂಸು ಒಂದೇ ಹೋಯ್ತಾ ಅದಲ್ಲಪ್ಪ. ಕೈ ಹಿಡ್ಕಳೋರು ಯಾರೂ ಇಲ್ವ?"

"ಇಲ್ದೆ ಇರ್ತಾರಾ ಅಕ್ಕ," ಎಂದ ಚಿಕ್ಕಮಾದು.

ಅವನು ಬಿದಿರಿಗೆ ಒರಗಿ ಕೂತ. ರಾಗಿ ಸುರಿಯುತ್ತಿತ್ತು. ಅದು ಟಿಕ್ ಟಿಕ್ ಅಲ್ಲ. ಟಿಕ್ ಟಿಕ್ಕುಗಳನ್ನೆಲ್ಲ ಬೀಸಿ ಹಿಟ್ಟು ಮಾಡಿದರೆ ಬರಬಹುದಾದ ಸದ್ದು. ಕೀ ಕೊಡುವವರನ್ನು ಯಾರೂ ಕಾಣದ ಒಂದು ಗಡಿಯಾರ ಮೇಲೆ ನಡೆದಿತ್ತು. ಅದಕ್ಕೆ ಜೊತೆಯಾಗಿ ಬಿದಿರಿನದೊಂದು ಕೆಳಗೆ ನಡೆದಿತ್ತು. ಹೊಳೆಯ ಆಚೆ ದಡದಿಂದ ಹರಿಗೋಲಿನವನು ಯಾರನ್ನೋ ಕೂಗಿದ್ದು ಕನಸಿನಲ್ಲಿ ಕೇಳಿದಂತೆ ಕೇಳಿತು. ಚೆಲುವಮ್ಮ ಹೊಸ್ತಿಲಲ್ಲಿ ಕೂತಿದ್ದಳು. ಕಣ್ಣು ಮುಚ್ಚಿದ್ದಳು. 'ಇದು ಯಾವುದ್ರ ಮಾತು? ಹೊಸದಾಗದೆ,' ಎಂದಳು. ರಾಗಿಯದು ಕಣೆ, ಎಂದು ಹೇಳಹೊರಟವನಿಗೆ ಇಪ್ಪತ್ತೆರಡು ದಿನದ ನಿದ್ದೆ ಒಟ್ಟಿಗೆ ಬಂತು.

ಗಂಟೆಗೊಮ್ಮೆ ಶಿವಮ್ಮ ಅವನನ್ನು ತಿವಿದು ಎಬ್ಬಿಸುತ್ತಿದ್ದಳು. ಕಲ್ಲನ್ನು ಮೇಲೆತ್ತಿ, ಮೊರದ ರಾಗಿಯನ್ನು ಮತ್ತೆ ಬಿದಿರಿಗೆ ತುಂಬಿ, ಬಿಡುತ್ತಿದ್ದರು. ಪ್ರೊಫೆಸರು ಸೂರ್ಯನನ್ನು ಅವನ ಜಾಗದಲ್ಲಿ ಕೂರಿಸುತ್ತಿದ್ದರು. ಒಂದು, ಎರಡು, ಮೂರು, ನಾಲ್ಕು ಸಲ ಹಾಗಾಯಿತು. ಕುಂಞಿರಾಮನ್ ಪ್ರಾಯಶ್ಚಿತ್ತವೆಂದು ಎಲ್ಲರಿಗೂ ಪುಕ್ಕಟೆ ಚಹಾ ಕೊಟ್ಟ. ಪಡುವಲಲ್ಲಿ ಮೋಡ ಏಳತೊಡಗಿತ್ತು.

ಐದು ಗಂಟೆಗೆ ತುಂಬುವಾಗ ಶಿವಮ್ಮ ಕಿರುಚಿಕೊಂಡಳು. ಮೊರದಲ್ಲಿ ರಾಗಿ ಕಡಿಮೆಯಿತ್ತು. ಪಕ್ಕದಲ್ಲಿ ಅವಳವೇ ನಾಲ್ಕು ಕೋಳಿಗಳು, ಮದುವೆ ಊಟ ಮುಗಿಸಿದ ಬೀಗರಂತೆ, ನಡೆಯಲಾರದೆ ನಿಂತಿದ್ದವು. ಬುಧನನ್ನು ನೋಡುವ ಸಂಭ್ರಮದಲ್ಲಿ ಮೊರವನ್ನು ಯಾರೂ ನೋಡಿರಲಿಲ್ಲ.

"ಇದ್ದಷ್ಟು ತುಂಬು," ಎಂದ ಚಿಕ್ಕಮಾದು.

ಇದ್ದಷ್ಟು ರಾಗಿ ಐದೂ ಮೂವತ್ತೆಂಟರವರೆಗೆ ಬಂತು. ಕೊನೆಯ ಕಾಳು ಟಪ್ಪೆಂದು ಮೊರಕ್ಕೆ ಬಿದ್ದಿತು. ಕಪ್ಪು ಚುಕ್ಕೆ ಸೂರ್ಯನ ಅಂಚಿನಿಂದ ಒಂದು ದಾರದಷ್ಟು ದೂರದಲ್ಲಿತ್ತು. ಮೋಡ ಅದರ ಪಕ್ಕದಲ್ಲಿಯೇ ಕಾದಿತ್ತು. ಪ್ರೊಫೆಸರು ಸ್ಟಾಪ್‌ವಾಚ್ ಹಿಡಿದುಕೊಂಡು ಕಾಗದದ ಮೇಲೆ ಬಗ್ಗಿದ್ದರು, ತಲೆಯೆತ್ತುವಂತಿರಲಿಲ್ಲ. "ಏನಾಯಿತು? ಸೂರ್ಯ ಹೊರಟ!" ಎಂದು ಕೂಗಿದರು.

ಚಿಕ್ಕಮಾದು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದ.

ಅವನು ಸೂರ್ಯನನ್ನು ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ತನ್ನ ಅಂಗಡಿಯೊಳಕ್ಕೆ ಹೋದ. ಕುಂಞಿರಾಮನ ಗೋಡೆ ಗಡಿಯಾರ ಬಾಗಿಲ ಬಲಕ್ಕೆ, ಅದರ ಕೆಳಗೆ ಅಲಾರಂ, ಮೇಜಿನ ಮೇಲೆ ಸಾಲಾಗಿ ಕೈಗಡಿಯಾರ. ಒಂದೊಂದರ ಮಾತನ್ನೂ ನೆನೆದುಕೊಂಡ. ನೆನೆದಂತೆ ಹಗ್ಗವನ್ನು ಬೆರಳ ಸಂದಿಯಲ್ಲಿ, ಒಂದು ಮಾತಿಗೆ ಒಂದು ನೂಲು, ಒಂದು ಮಾತಿಗೆ ಒಂದು ನೂಲು, ಕೆಳಗೆಳೆದ.

"ನಿಂತ!" ಎಂದರು ಪ್ರೊಫೆಸರು. "ಹಾಗೇ... ಹಾಗೇ... ಮುಟ್ಟಿತು... ಇದೆ, ಇನ್ನೂ ಇದೆ..." ಸ್ಟಾಪ್‌ವಾಚ್ ಕ್ಲಿಕ್ಕೆಂದಿತು. "ಹೋಯಿತು!"

ಎರಡು ನಿಮಿಷದಲ್ಲಿ ಮೋಡ ಸೂರ್ಯನನ್ನು ನುಂಗಿತು. ಪ್ರೊಫೆಸರು ಚಿಕ್ಕಮಾದುವನ್ನು ತಬ್ಬಿಕೊಂಡು, ಆಮೇಲೆ ಬೈರನನ್ನು ತಬ್ಬಿಕೊಂಡು, ದಾರಿತಪ್ಪಿ ಪದ್ಮನಾಭನನ್ನೂ ತಬ್ಬಿಕೊಂಡರು.

ಕತ್ತಲಾದ ಮೇಲೆ ಕಾಡಿನ ದಾರಿಯಲ್ಲಿ ವಾಹನ ಬಿಡುತ್ತಿರಲಿಲ್ಲವಾದ್ದರಿಂದ ಅವರು ಆಗಲೇ ಹೊರಡಬೇಕಾಗಿತ್ತು. ಆದರೂ ಕೊಟ್ಟ ಮಾತು ಮರೆಯಲಿಲ್ಲ. ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟುಕೊಂಡು, ಇಂಗ್ಲಿಷಿನಲ್ಲಿ ಎರಡು ಪುಟ, ಕಣ್ಣು ತುಂಬಿಕೊಂಡು ಬರೆದರು. ಕೆಳಗೆ ಕಾಲೇಜಿನ ಮೊಹರು ಒತ್ತಿ, ಲಕೋಟೆ ಅಂಟಿಸಿ, ಚಿಕ್ಕಮಾದುವಿನ ಕೈಗಿಟ್ಟರು. "ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆದಿದ್ದೇನೆ. ಒಂದು ಮಾತೂ ಬಿಟ್ಟಿಲ್ಲ," ಎಂದು ಹೇಳಿ ಜೀಪು ಹತ್ತಿದರು.

ಚಿಕ್ಕಮಾದು ಮುಖ ತೊಳೆದು, ವಿಭೂತಿ ಇಟ್ಟುಕೊಂಡು, ಲಕೋಟೆಯನ್ನು ಪ್ರಸಾದದಂತೆ ಎರಡು ಕೈಯಲ್ಲಿ ಹಿಡಿದು ಗುಡ್ಡ ಹತ್ತಿದ. ಹಿಂದೆ ಶಿವಮ್ಮ, ಕುಂಞಿರಾಮನ್, ಬೈರ. ಅವರ ಹಿಂದೆ ಗಡಿಯಾರದವರು. ಪೆಟ್ಟಿಗೆ ಹೊತ್ತು ತರಲು ಒಬ್ಬ ಸಿಂಬಿಯನ್ನೂ ಸುತ್ತಿಕೊಂಡು ಬಂದಿದ್ದ.

ಸಬ್ ಇನ್ಸ್‌ಪೆಕ್ಟರ್ ಮೋಹನನ್ ಲಾಂದ್ರದ ಬೆಳಕಿನಲ್ಲಿ ಪತ್ರ ಓದಿದರು. ಒಂದು ಸಲ ಓದಿ ಚಿಕ್ಕಮಾದುವಿನ ಮುಖ ನೋಡಿದರು. ಇನ್ನೊಂದು ಸಲ ಓದಿ ಎದ್ದು ನಿಂತರು.

"ಪದ್ಮನಾಭಾ, ಕೇಳು," ಎಂದು, ಒಂದೊಂದೇ ಸಾಲನ್ನು ಎಲ್ಲರಿಗೂ ತಿಳಿಯುವಂತೆ ಹೇಳತೊಡಗಿದರು. "'ಈ ಮನುಷ್ಯ ನಾನು ಕಂಡ ಅತ್ಯಂತ ಬುದ್ಧಿಶಾಲಿ. ಹತ್ಯಾರವಿಲ್ಲದೆ, ಬಿದಿರು, ಕಲ್ಲು, ಹಗ್ಗ, ಧಾನ್ಯ ಇಷ್ಟರಿಂದಲೇ, ನಿಗದಿಯಾದ ಹೊತ್ತಿಗೆ ಒಂದು ಸೆಕೆಂಡೂ ತಪ್ಪದೆ ಕೆಲಸ ಮಾಡುವ ಯಂತ್ರವನ್ನು ನನ್ನ ಕಣ್ಣೆದುರಿಗೆ ಮಾಡಿದ.'"

"ಹೌದು ಸಾರ್," ಎಂದ ಚಿಕ್ಕಮಾದು, ನಾಚಿಕೊಂಡು.

"'ಎಂಥ ದಟ್ಟ ಕಾಡಿನಲ್ಲಿ ಬಿಟ್ಟರೂ ಈತ ಇದನ್ನು ಮತ್ತೆ ಮಾಡಬಲ್ಲ. ಜೊತೆಗೆ ಕಾಡಿನ ಜನರೂ ಇವನಿಗೆ ಒಳ್ಳೆಯ ಸಹಾಯಕರಾಗಿದ್ದಾರೆ. ಯಂತ್ರ ಕೆಟ್ಟರೂ ಕೊನೆಯ ಕ್ಷಣದಲ್ಲಿ ಕೈ ನಡುಗದೆ ಕೆಲಸ ಮುಗಿಸುವ ಎದೆಗಾರಿಕೆ ಇವನದು. ಈ ಜಿಲ್ಲೆಯಲ್ಲಿ ಇವನಂಥವನು ಇನ್ನೊಬ್ಬನಿಲ್ಲ.'"

ಪದ್ಮನಾಭನ್ ತನ್ನ ನೋಟುಪುಸ್ತಕ ತೆರೆದು ಮುಂದಿಟ್ಟ. "ನಾನೂ ಕಣ್ಣಾರೆ ನೋಡಿದೆ ಸಾರ್. ಹೊತ್ತು ಹೊತ್ತಿಗೆ ಬರೆದಿದ್ದೇನೆ."

ಮೋಹನನ್ ಅವರ ಕಣ್ಣಿನಲ್ಲಿ ನೀರಾಡಿತು. "ಇಪ್ಪತ್ತೆರಡು ದಿನದಿಂದ ಇದನ್ನೇ ನಾನು ಮೇಲಿನವರಿಗೆ ಬರೆಯುತ್ತಿದ್ದೆ, ಬಾಂಬ್ ಮಾಡುವವನು ಇವನೇ ಅಂತ. ಯಾರೂ ನಂಬಲಿಲ್ಲ. ಅಲಾರಂಗೆ ಹೆದರಿದವರು ಅಂತ ನಕ್ಕರು. ಈಗ ದೊಡ್ಡ ಪ್ರೊಫೆಸರೇ, ಮೊಹರು ಹಾಕಿ..." ಚಿಕ್ಕಮಾದುವಿನ ಕೈ ಹಿಡಿದು ಕುಲುಕಿ, "ಬಹಳ ಉಪಕಾರವಾಯಿತು," ಎಂದರು.

"ಹಂಗಾರೆ ಪೆಟ್ಟಿಗೆ, ಸಾರ್?"

"ನಾಳೆಯೇ ಜಿಲ್ಲೆಯ ಕಚೇರಿಗೆ ಹೋಗುತ್ತದೆ. ಪತ್ರದ ಜೊತೆ. ನೀನು ದಿನಾ ಎರಡು ಹೊತ್ತು ಇಲ್ಲಿಗೆ ಬಂದು ರುಜು ಹಾಕಬೇಕು, ಊರು ಬಿಡಬಾರದು. ಪದ್ಮನಾಭಾ, ಆ ಬಿದಿರು, ಕಲ್ಲು, ಹಗ್ಗ, ಧಾನ್ಯ ಎಲ್ಲ ವಶಕ್ಕೆ ತೆಗೆದುಕೋ."

"ಧಾನ್ಯ ಅಂದ್ರೆ ನನ್ನ ರಾಗಿನಾ?" ಎಂದು ಶಿವಮ್ಮ ಸೆರಗು ಬಿಗಿದಳು. "ಬಿತ್ತನೆ ರಾಗಿ ಕಣಯ್ಯೋ! ಮುಟ್ಟಿ ನೋಡು! ಅರ್ಧ ಕೋಳಿ ಹೊಟ್ಟೇಲದೆ, ಅವನ್ನೂ ಜೈಲಿಗೆ ಹಾಕ್ತೀಯಾ?"

ಮೋಹನನ್ ಕೋಳಿಗಳ ವಿಚಾರವನ್ನು ಒಂದು ಕ್ಷಣ ಯೋಚಿಸಿ, ಬಿಟ್ಟರು. ಮಹಜರು ಬರೆಯಲು ಕೂತರು. ತಾರೀಕು ಬರೆದರು, ಊರು ಬರೆದರು, ಹೊತ್ತು ಬರೆಯುವ ಜಾಗಕ್ಕೆ ಬಂದು ತಮ್ಮ ಕೈಗಡಿಯಾರ ನೋಡಿದರು. ಅದು ಹಿಂದಿನ ವಾರವೇ ನಿಂತಿತ್ತು. ರಿಪೇರಿಗೆ ಕೊಡೋಣವೆಂದರೆ ಊರಿನಲ್ಲಿ ತೆರೆದ ಅಂಗಡಿಯಿರಲಿಲ್ಲ.

"ಗಂಟೆ ಎಷ್ಟಾಯಿತು?" ಎಂದು ಕೇಳಿದರು.

ಯಾರ ಹತ್ತಿರವೂ ಗಡಿಯಾರವಿರಲಿಲ್ಲ. ಎಲ್ಲರೂ ತಿರುಗಿ ಚಿಕ್ಕಮಾದುವನ್ನು ನೋಡಿದರು. ಕೇಳಿದವರಿಗೆ ಹೊತ್ತು ಹೇಳುವುದು ಅವನ ಮೂವತ್ತು ವರ್ಷದ ಅಭ್ಯಾಸ. ಅವನ ಒಳಗೆ ಆ ಹತ್ತೊಂಬತ್ತು ಗಡಿಯಾರ ಇನ್ನೂ ನಿಂತಿರಲಿಲ್ಲ.

"ಏಳೂ ಹನ್ನೆರಡು ಸಾರ್," ಎಂದ.

ಮೋಹನನ್ ಬರೆಯುತ್ತಿದ್ದ ಲೇಖನಿಯನ್ನು ತಡೆದು, ಅವನ ಬರಿದಾದ ಮಣಿಕಟ್ಟನ್ನೂ ಕಿಟಕಿಯಾಚೆಯ ಕತ್ತಲನ್ನೂ ನೋಡಿದರು. ಆಮೇಲೆ ಹೊಸದೊಂದು ಸಾಲು ತೆಗೆದು, ಗಡಿಯಾರವಿಲ್ಲದೆಯೂ ಹೊತ್ತು ಬಲ್ಲ ಎಂದು ಅದನ್ನೂ ಬರೆದುಕೊಂಡರು.